ಗಂಟಲು ನನ್ನದು, ದನಿ ಯಾರದು?

ಕಳೆದ ದೀಪಾವಳಿಗೆ ರಾಯಬಾಗ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋಗಿದ್ದಾಗ ನನ್ನ ಕಿರಿಯ ತಂಗಿ ಒಂದು ಪಂಚಾಯಿತಿಯನ್ನು ನನ್ನ ಮುಂದಿಟ್ಟಳು. ಮೂವತ್ತೈದು ವರ್ಷ ಸರ್ಕಾರಿ ಚಾಕರಿ ಮಾಡಿದವನಿಗೆ ಇಂಥವು ಹೊಸತಲ್ಲ. ಹೊಲದ ಬದು, ಬಾವಿಯ ಪಾಳಿ, ಅಣ್ಣತಮ್ಮಂದಿರ ವಾಟ್ನಿ ಎಲ್ಲವನ್ನೂ ಊರಿನವರು ಈಗಲೂ ನನ್ನ ಬಳಿಗೆ ತರುತ್ತಾರೆ. ಆದರೆ ಇದು ಆ ಜಾತಿಯದಲ್ಲ. ಅವಳ ಮಗ ಸಕ್ಕರೆ ಕಾರ್ಖಾನೆಯೊಂದರಲ್ಲಿ ತೂಕದ ಕಾಟಾದ ಮೇಲಿನ ಕಾರಕೂನ. ಹಂಗಾಮು ಮುಗಿದ ಮೇಲೆ ಮದುವೆ, ಜಾತ್ರೆಗಳ ಆರ್ಕೆಸ್ಟ್ರಾದಲ್ಲಿ ಹಾಡುತ್ತಾನೆ. ಈಗ ಕೆಲಸ ಬಿಟ್ಟು ಹಾಡನ್ನೇ ನಂಬಿಕೊಳ್ಳುತ್ತೇನೆ ಎನ್ನುತ್ತಿದ್ದಾನೆ. ‘ಅಣ್ಣಾ, ನೀ ಎಕನಾಮಿಕ್ಸ್ ಓದಿದಾಂವ. ನಾಲ್ಕು ಬುದ್ಧಿಮಾತು ಹೇಳು’ ಎಂದಳು.

ಹುಡುಗನನ್ನು ಕರೆದು ಕೇಳಿದೆ. ಅವನ ತಕರಾರು ತಾಯಿಯ ತಕರಾರಿಗಿಂತ ಬೇರೆಯೇ ಆಗಿತ್ತು. ಹಣ ಖರ್ಚು ಮಾಡಿ ಒಂದು ಸ್ಟುಡಿಯೋದಲ್ಲಿ ಎರಡು ಹಾಡು ರೆಕಾರ್ಡ್ ಮಾಡಿಸಿದ್ದನಂತೆ. ಅಲ್ಲಿನವರು ಅವನ ದನಿಯನ್ನು ಮೆಚ್ಚಿದರಂತೆ. ಆದರೆ ಈಗ ಓಡುತ್ತಿರುವುದು ಈ ದನಿಯಲ್ಲ, ಇಂಥವನ ಹಾಗೆ ಹಾಡು ಎಂದು ಒಬ್ಬ ಜನಪ್ರಿಯ ಗಾಯಕನ ಹಾಡನ್ನು ಹಚ್ಚಿ ಕೇಳಿಸಿದರಂತೆ. ‘ಗಂಟಲಾ ನಂದು ಮಾಮಾ, ದನಿ ಮಾತ್ರ ಮತ್ತೊಬ್ಬಂದು ಕೇಳ್ತಾರ್ರೀ. ನಂದ ದನಿ ಹ್ಯಾಂಗ ಮಾಡ್ಕೋಬೇಕು, ಅದನ್ನ ಹೇಳ್ರಿ’ ಎಂದ.

ಈ ಪ್ರಶ್ನೆಗೆ ಉತ್ತರ ಹೇಳುವ ಅರ್ಹತೆ ನನಗಿಲ್ಲ. ನಾನು ಹಾಡುಗಾರನಲ್ಲ, ಕೇಳುಗ, ಅಷ್ಟೆ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆಯಲ್ಲಿ ಕೇಳುಗನಾಗಿ ಬೆಳೆಯುವುದೇ ಒಂದು ಶಿಕ್ಷಣ. ಕಾಗವಾಡದಿಂದ ಮಿರಜಕ್ಕೆ ಅರ್ಧ ಗಂಟೆಯ ದಾರಿ. ನಾವು ಚಿಕ್ಕವರಿದ್ದಾಗ ರೇಡಿಯೋದ ಮುಳ್ಳನ್ನು ಒಂದು ಕಡೆ ತಿರುಗಿಸಿದರೆ ಧಾರವಾಡ, ಇನ್ನೊಂದು ಕಡೆ ತಿರುಗಿಸಿದರೆ ಸಾಂಗಲಿ, ರಾತ್ರಿಯ ಗರಗರದ ನಡುವೆ ಸಿಲೋನ್. ಬೆಳಗ್ಗೆ ವಚನ, ಮಧ್ಯಾಹ್ನ ಮರಾಠಿ ಭಾವಗೀತ, ಸಂಜೆ ಹಿಂದಿ ಚಿತ್ರಗೀತೆ, ಹುಣ್ಣಿಮೆ ಬಂದರೆ ಊರಿನ ಕಟ್ಟೆಯ ಮೇಲೆ ಭಜನೆ. ಗಡಿಯ ಬಗ್ಗೆ ಆಯೋಗಗಳು ವರದಿ ಬರೆದವು, ವಕೀಲರು ವಾದಿಸಿದರು. ಕಿವಿಗಳು ಮಾತ್ರ ಎರಡೂ ಕಡೆಯಿಂದ ತೆರಿಗೆಯಿಲ್ಲದೆ ಆಮದು ಮಾಡಿಕೊಂಡವು.

ಮಿರಜ ಎಂದೊಡನೆ ನೆನಪಾಗುವವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಉತ್ತರದ ಕೈರಾನಾದಲ್ಲಿ ಹುಟ್ಟಿದ ಅವರು ಮಿರಜದಲ್ಲಿ ನೆಲೆ ನಿಂತರು. 1937ರಲ್ಲಿ ಮದ್ರಾಸಿನತ್ತಣ ಪ್ರವಾಸದಲ್ಲಿದ್ದಾಗ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ಪ್ರಾಣಬಿಟ್ಟ ಅವರನ್ನು ಮಣ್ಣು ಮಾಡಿದ್ದು ಮಿರಜದ ದರ್ಗಾದಲ್ಲಿ. ಅವರ ಧ್ವನಿಮುದ್ರಿಕೆಗಳನ್ನು ಮೊದಲ ಸಲ ಕೇಳುವವರಿಗೆ ಅಚ್ಚರಿಯಾಗುತ್ತದೆ. ಗಂಡಸಿನ ಗಂಭೀರ ಧ್ವನಿ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಅಲ್ಲಿಲ್ಲ. ತೆಳುವಾದ, ಎಳೆದ ದಾರದಂಥ, ತುಸು ಮೂಗಿನಲ್ಲಿ ಸುಳಿಯುವ ದನಿ. ಆ ದನಿಯಲ್ಲಿ ಗುಡುಗಲು ಹೋಗಿದ್ದರೆ ಅದು ಹರಿದೇ ಹೋಗುತ್ತಿತ್ತು. ಅವರು ಗುಡುಗಲು ಹೋಗಲಿಲ್ಲ. ಒಂದೊಂದು ಸ್ವರವನ್ನೂ ತಂಬೂರಿಯ ತಂತಿಗೆ ತಾಗಿಸಿ, ನಿಧಾನವಾಗಿ ಬೆಳೆಸುವ ದಾರಿ ಹಿಡಿದರು. ಕಿರಾಣಾ ಘರಾಣೆಯ ನಿಧಾನ, ಅದರ ಮಾರ್ದವ ಎಂದು ಪಂಡಿತರು ಹೇಳುವುದರಲ್ಲಿ ಆ ಗಂಟಲಿನ ಮಿತಿಯ ಪಾಲೂ ಇದೆ ಎಂಬುದು ನನ್ನ ಅನಿಸಿಕೆ.

1933ರ ಸುಮಾರಿಗೆ ಗದಗಿನ ಹುಡುಗನೊಬ್ಬ ಅಂಗಡಿಯಲ್ಲಿ ಹಚ್ಚಿದ್ದ ಇದೇ ಖಾನ್ ಸಾಹೇಬರ ತಟ್ಟೆಯನ್ನು ಕೇಳಿ, ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ಓಡಿಹೋದ. ಆಗ ಅವನಿಗೆ ಹನ್ನೊಂದು ವರ್ಷ. ಹೆಸರು ಭೀಮಸೇನ ಜೋಶಿ. ಕೊನೆಗೆ ಅವನಿಗೆ ಸಿಕ್ಕ ಗುರು ಕುಂದಗೋಳದ ಸವಾಯಿ ಗಂಧರ್ವರು. ಅವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಸವಾಯಿ ಗಂಧರ್ವರದು ಇನ್ನೊಂದೇ ಕತೆ. ಹರೆಯದಲ್ಲಿ ದನಿ ಒಡೆದು ಗಡುಸಾಯಿತು. ಬೇರೆಯವರಾಗಿದ್ದರೆ ಹಾಡು ಬಿಟ್ಟು ಬೇರೆ ಉದ್ಯೋಗ ನೋಡಿಕೊಳ್ಳುತ್ತಿದ್ದರು. ಅವರು ವರ್ಷಾನುಗಟ್ಟಲೆ ತಿಕ್ಕಿ ತೀಡಿ ಆ ಗಡುಸನ್ನೇ ಪಳಗಿಸಿದರು. ತೆಳು ದನಿಯ ಅಜ್ಜಗುರು, ಒಡೆದ ದನಿಯ ಗುರು, ಇವರಿಬ್ಬರ ಪರಂಪರೆಯಲ್ಲಿ ಬಂದ ಭೀಮಸೇನರದು ಮುಂಗಾರಿನ ಮೋಡದ ದನಿ. ಅನುಕರಣೆಯಿಂದ ಆರಂಭವಾಗಿ ಅನುಕರಣೆಯಲ್ಲೇ ಮುಗಿದಿದ್ದರೆ ಅವರನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಖಾನ್ ಸಾಹೇಬರಿಂದ ಅವರು ಎತ್ತಿಕೊಂಡದ್ದು ಸ್ವರದ ಹಸಿವನ್ನು, ಗಂಟಲನ್ನಲ್ಲ.

ಅನುಕರಣೆಯ ವಿಷಯದಲ್ಲಿ ಬೆಳಗಾವಿ ಜಿಲ್ಲೆಯದೇ ಇನ್ನೊಂದು ಉದಾಹರಣೆಯನ್ನು ಹೇಳದಿದ್ದರೆ ತಪ್ಪಾದೀತು. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿ ಮಠ ಎಂಬ ಬಾಲಕ ದೊಡ್ಡ ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ ಅವರಂತೆಯೇ ಹಾಡಿ ತೋರಿಸುತ್ತಿದ್ದ. ಸಭೆಗಳು ಬೆರಗಾಗುತ್ತಿದ್ದವು. ಕುಮಾರ ಗಂಧರ್ವ ಎಂಬ ಹೆಸರು ಬಂದದ್ದು ಆ ವಯಸ್ಸಿನಲ್ಲೇ. ಅದು ಅದ್ಭುತವೇ ಸರಿ. ಆದರೆ ನಾವು ಇಂದು ಕುಮಾರ ಗಂಧರ್ವ ಎಂದು ಗುರುತಿಸುವ ದನಿ ಅದಲ್ಲ. ಆ ದನಿ ಬಂದದ್ದು ಕ್ಷಯರೋಗದಿಂದ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹಾಸಿಗೆ ಹಿಡಿದ ಅವರು ಮಧ್ಯಭಾರತದ ದೇವಾಸದಲ್ಲಿ ಐದಾರು ವರ್ಷ ಹಾಡದೆ ಮಲಗಿದರು. ಒಂದು ಪುಪ್ಪುಸ ನಿಷ್ಪ್ರಯೋಜಕವಾಯಿತು. ಕಿಟಕಿಯಾಚೆ ಮಾಳವದ ಹೆಂಗಸರು ಹಾಡಿಕೊಳ್ಳುವ ಜನಪದ ಗೀತೆಗಳು ಕಿವಿಗೆ ಬೀಳುತ್ತಿದ್ದವು. 1953ರಲ್ಲಿ ಮರಳಿ ವೇದಿಕೆಗೆ ಬಂದಾಗ ಉದ್ದುದ್ದ ತಾನುಗಳನ್ನು ಎಳೆಯುವಷ್ಟು ಉಸಿರಿರಲಿಲ್ಲ. ಚಿಕ್ಕ ಚಿಕ್ಕ ತುಣುಕುಗಳು, ಥಟ್ಟನೆ ಮೇಲೆ ಚಿಮ್ಮಿ ಥಟ್ಟನೆ ನಿಲ್ಲುವ ಸ್ವರ, ನಡುವೆ ಮೌನ. ಆ ಮೌನ ಉಸಿರೆಳೆದುಕೊಳ್ಳಲು ಬೇಕಾದ ಮೌನವಾಗಿತ್ತು. ಕೇಳುಗರಿಗೆ ಅದೇ ಶೈಲಿಯಾಯಿತು. ಮುಂದೆ ಎರಡೂ ಪುಪ್ಪುಸ ಗಟ್ಟಿಯಾಗಿದ್ದ ಎಷ್ಟೋ ತರುಣರು ಅದನ್ನು ಅನುಕರಿಸಿದರು!

ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಹುಡುಗಿಯ ಕೀಚಲು ದನಿ ಇದೆ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅದು ಗಂಡುದನಿಯಷ್ಟು ತಗ್ಗಿಗೆ ಇಳಿಯಿತು. ನಮ್ಮಲ್ಲಿ ಆ ದನಿಯನ್ನು ಬಲ್ಲವರು ಗಾಂಧಾರಿಯನ್ನು ಕೇಳಿದರೆ ಗುರುತು ಹಿಡಿಯಲಾರರು.

ಇದೆಲ್ಲ ಶಾಸ್ತ್ರೀಯ ಸಂಗೀತದ ಮಾತಾಯಿತು, ಕಾಟಾದ ಕಾರಕೂನನಿಗೆ ಇದರಿಂದೇನು ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಾಗಿ ಮಿರಜದಿಂದ ಎರಡು ಹೆಜ್ಜೆ ಆಚೆ ಸಾಂಗಲಿಗೆ ಹೋಗೋಣ. ದೀನಾನಾಥ ಮಂಗೇಶಕರರ ಬಳವಂತ ಸಂಗೀತ ಮಂಡಳಿಯ ಉಚ್ಛ್ರಾಯ ಮತ್ತು ಪತನ ಎರಡನ್ನೂ ಕಂಡ ಊರು ಅದು. ಲತಾ ಬಾಲ್ಯ ಕಳೆದದ್ದು ಅಲ್ಲಿ. ಆಶಾ ಹುಟ್ಟಿದ್ದು 1933ರಲ್ಲಿ ಆ ಸೀಮೆಯಲ್ಲೇ. 1940ರ ದಶಕದ ಕೊನೆಯಲ್ಲಿ ಲತಾ ಹಿಂದಿ ಸಿನಿಮಾದ ಹಿನ್ನೆಲೆ ಗಾಯನದಲ್ಲಿ ನೆಲೆಯೂರಲು ಹೊರಟಾಗ ಒಬ್ಬ ನಿರ್ಮಾಪಕರು ಈ ದನಿ ಬಹಳ ತೆಳು ಎಂದು ತಳ್ಳಿಹಾಕಿದರು. ಆಗ ಮಾರುಕಟ್ಟೆಯಲ್ಲಿದ್ದ ಮಾದರಿ ನೂರ್‌ಜಹಾನರದು. ಬಿಳಗಿಯ ನಮ್ಮ ಅಮೀರಬಾಯಿ ಕರ್ನಾಟಕಿಯವರದು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾಗಿದ್ದ ಅಮೀರಬಾಯಿಯವರದು ಬಾಯಿ ತೆರೆದು ಹಾಡುವ ತುಂಬುದನಿ. ಲತಾ ಕೂಡ ಆರಂಭದ ಹಾಡುಗಳಲ್ಲಿ ನೂರ್‌ಜಹಾನರ ನೆರಳಿನಲ್ಲೇ ನಡೆದರು. ಕ್ರಮೇಣ ಆ ತೆಳು ದನಿಯೇ ಅಳತೆಗೋಲಾಯಿತು.

ಆಗ ತಂಗಿ ಏನು ಮಾಡಬೇಕು? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಚೆನ್ನಾದ ಪಾಠ ಸಿಗದು. ಅಕ್ಕನ ದನಿಗೆ ಹತ್ತಿರದ ದನಿಯಲ್ಲಿ ಹಾಡಿದರೆ, ಅಕ್ಕ ಸಿಗದಾಗ ಮಾತ್ರ ಕರೆಬರುತ್ತದೆ. ಅದೂ ಕಡಿಮೆ ಸಂಭಾವನೆಗೆ. ಅಕ್ಕನಂತೆ ಕೇಳಿಸಬಾರದೆಂದು ತಾನು ಬೇರೆ ದಾರಿ ಹುಡುಕಿಕೊಂಡುದನ್ನು ಆಶಾ ಅವರೇ ಅನೇಕ ಸಂದರ್ಶನಗಳಲ್ಲಿ ಹೇಳಿದ್ದಾರೆ. ಪಾಶ್ಚಾತ್ಯ ಹಾಡುಗಳನ್ನು ಕೇಳಿದರು. ಉಸಿರನ್ನು ಅಡಗಿಸುವುದನ್ನು ಬಿಟ್ಟು ಅದನ್ನು ಕೇಳಿಸುವಂತೆ ಹಾಡಿದರು. ಲತಾ ಅವರನ್ನು ಎಂದೂ ಬಳಸದ ಒ.ಪಿ. ನಯ್ಯರ್, 1957ರ ‘ನಯಾ ದೌರ್’, ಮುಂದೆ ರಾಹುಲ್ ದೇವ್ ಬರ್ಮನ್ ಹೀಗೆ ಆ ದನಿಗೆ ಗಿರಾಕಿಗಳೂ ದೊರೆತರು. ಅಲ್ಲಿಗೂ ನಿಲ್ಲದೆ, 1981ರ ‘ಉಮ್ರಾವ್ ಜಾನ್’ ಚಿತ್ರಕ್ಕೆ ಖಯ್ಯಾಂ ಅವರು ಶ್ರುತಿಯನ್ನು ಕೆಳಗಿಳಿಸಿ ಹಾಡಿಸಿದಾಗ, ಸುಮಾರು ನಲವತ್ತು ವರ್ಷ ಹಾಡಿದ ಮೇಲೆ, ಆಶಾ ಅವರಿಗೆ ತಮ್ಮ ಗಂಟಲಿನಲ್ಲಿ ಇನ್ನೊಂದು ಕೋಣೆ ಇರುವುದು ಗೊತ್ತಾಯಿತು.

(ಅಕ್ಕತಂಗಿಯರಿಬ್ಬರೂ ನಮ್ಮ ಜಿಲ್ಲೆಯ ವೀರನಿಗಾಗಿ ಕನ್ನಡದಲ್ಲಿ ಹಾಡಿದ್ದಾರೆ. 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ ಲಕ್ಷ್ಮಣ ಬರ್ಲೇಕರ್ ಅವರ ಸಂಗೀತ. ಆ ಹಾಡುಗಳಲ್ಲಿ ಕನ್ನಡದ ಉಚ್ಚಾರ ಹೇಗಿದೆ ಎಂಬ ಚರ್ಚೆಯನ್ನು ನಮ್ಮ ಹಿರಿಯರು ಚಹದಂಗಡಿಯಲ್ಲಿ ಎಷ್ಟೋ ಸಂಜೆ ನಡೆಸಿದ್ದುಂಟು.)

ಪೈಪೋಟಿ ಇರುವಲ್ಲಿ ಮಾರಾಟಗಾರ ತನ್ನ ಸರಕನ್ನು ತುಸು ಬೇರೆಯಾಗಿಸಿ, ಅಷ್ಟರ ಮಟ್ಟಿಗೆ ತಾನೇ ಏಕಸ್ವಾಮ್ಯ ಪಡೆಯುತ್ತಾನೆ ಎಂಬುದನ್ನು ಎಡ್ವರ್ಡ್ ಚೇಂಬರ್ಲಿನ್ 1933ರಲ್ಲೇ ವಿವರಿಸಿದ್ದ. ಎಂ.ಎ. ತರಗತಿಯಲ್ಲಿ ನಮಗೆ ಇದನ್ನು ಕಲಿಸಿದ್ದು ಸಾಬೂನು, ಹಲ್ಲುಪುಡಿಗಳ ಉದಾಹರಣೆಯಿಂದ. ಹಾಡುಗಾರರ ಉದಾಹರಣೆ ಇದಕ್ಕಿಂತ ಹಳೆಯದು. ಆಲ್ಫ್ರೆಡ್ ಮಾರ್ಷಲ್ ತನ್ನ ಪ್ರಸಿದ್ಧ ಗ್ರಂಥದಲ್ಲಿ ಎಲಿಜಬೆತ್ ಬಿಲ್ಲಿಂಗ್ಟನ್ ಎಂಬ ಗಾಯಕಿಯನ್ನು ನೆನೆಯುತ್ತಾನೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆಕೆ ಒಂದು ಹಂಗಾಮಿನಲ್ಲಿ ಹತ್ತು ಸಾವಿರ ಪೌಂಡು ಗಳಿಸಿದ್ದಳಂತೆ. ಮನುಷ್ಯನ ದನಿ ತಲುಪುವ ಜನರ ಸಂಖ್ಯೆಗೆ ಮಿತಿ ಇರುವತನಕ ಮುಂದಿನ ಗಾಯಕರೂ ಅದಕ್ಕಿಂತ ಬಹಳ ಹೆಚ್ಚು ಗಳಿಸಲಾರರು ಎಂಬುದು ಅವನ ಲೆಕ್ಕ. ಆ ಮಿತಿಯನ್ನು ಗ್ರಾಮಫೋನು, ರೇಡಿಯೋ, ಕ್ಯಾಸೆಟ್ಟು ಒಂದೊಂದಾಗಿ ಕಿತ್ತುಹಾಕಿದವು. 1981ರಲ್ಲಿ ಶೆರ್ವಿನ್ ರೋಸೆನ್ ಇದೇ ಮಾತನ್ನು ಎತ್ತಿಕೊಂಡು ‘ಸೂಪರ್‌ಸ್ಟಾರ್’ಗಳ ಅರ್ಥಶಾಸ್ತ್ರವನ್ನು ಬರೆದ. ಒಂದೇ ದನಿ ಏಕಕಾಲಕ್ಕೆ ಎಲ್ಲರನ್ನೂ ತಲುಪಬಲ್ಲದಾದರೆ, ಪ್ರತಿಭೆಯಲ್ಲಿ ಕೂದಲೆಳೆಯಷ್ಟು ಮುಂದಿರುವವನಿಗೆ ಇಡೀ ಪಾತ್ರೆ, ಹಿಂದಿರುವವನಿಗೆ ತಳದ ಸೀಕಲು.

ಮಾರ್ಷಲನ ಮಿತಿಯನ್ನು ನಾನೊಮ್ಮೆ ಕಣ್ಣಾರೆ ಕಂಡಿದ್ದೇನೆ. ಕಂಡದ್ದು ನನ್ನದೇ ಒಣ ಅಧಿಕಾರದಿಂದ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ ನಿಯಮಗಳು ಬಂದದ್ದು 2000ದಲ್ಲಿ. ಸುಪ್ರೀಂ ಕೋರ್ಟು 2005ರಲ್ಲಿ ಅವನ್ನು ಬಿಗಿಗೊಳಿಸಿತು. ಅದರ ಮರುವರ್ಷ ಕೃಷ್ಣಾ ದಂಡೆಯ ಒಂದು ಊರಿನ ಜಾತ್ರೆಯ ಬಂದೋಬಸ್ತಿಗೆ ಹೋಗಿದ್ದೆ. ಹರದೇಶಿ–ನಾಗೇಶಿ ಹಾಡಿಕೆ. ಒಂದು ಮೇಳ ಶಿವನ ಪಕ್ಷ, ಇನ್ನೊಂದು ಶಕ್ತಿಯ ಪಕ್ಷ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ಸವಾಲು–ಜವಾಬು. ಗಡಿಯಾಚೆ ಇದನ್ನೇ ಕಲಗಿ–ತುರಾ ಎನ್ನುತ್ತಾರೆ. ಹತ್ತು ಗಂಟೆಗೆ ಸರಿಯಾಗಿ ಮೈಕು ಬಂದ್ ಮಾಡಿಸಿದೆ. ಜನ ಗೊಣಗಿದರು. ಹಿರಿಯರೊಬ್ಬರು ನನ್ನತ್ತ ನೋಡಿ, ‘ಸಾಹೇಬ್ರು ಮೈಕ್ ಬಂದ್ ಮಾಡ್ಯಾರ, ಬಾಯಿ ಬಂದ್ ಮಾಡಿಲ್ಲ’ ಎಂದರು. ನಾಗೇಶಿ ಮೇಳದ ಮುಖ್ಯ ಹಾಡುಗಾರ್ತಿ, ಐವತ್ತು ದಾಟಿದವಳು, ಎದ್ದು ನಿಂತು ಕಿವಿಗೆ ಕೈ ಹಚ್ಚಿ ಹಾಡತೊಡಗಿದಳು.

ಆ ದನಿ ಇಂಪಾಗಿರಲಿಲ್ಲ. ಆದರೆ ಹಿಂದೆ ಗಾಡಿಗಳ ಮೇಲೆ ಕುಳಿತವರಿಗೂ ಒಂದೊಂದು ಅಕ್ಷರ ಸ್ಪಷ್ಟವಾಗಿ ಕೇಳುತ್ತಿತ್ತು. ಹೇಗೆ ಎಂಬುದು ಎಷ್ಟೋ ವರ್ಷಗಳ ಬಳಿಕ ಧ್ವನಿವಿಜ್ಞಾನದ ಬರಹಗಳನ್ನು ಓದಿದಾಗ ಅರ್ಥವಾಯಿತು. ಗಂಟಲಿನಲ್ಲಿರುವ ಧ್ವನಿತಂತುಗಳು ಹುಟ್ಟಿಸುವುದು ಬರಿಯ ಗುಂಯ್‌ಗುಡುವಿಕೆ. ಅದಕ್ಕೆ ಬಣ್ಣ ಕೊಡುವುದು ಮೇಲಿನ ಕೊಳವೆ: ಗಂಟಲಿನ ಗುಹೆ, ಬಾಯಿ, ನಾಲಗೆ, ತುಟಿ, ಮೂಗು. ಇವುಗಳ ಆಕಾರವನ್ನು ಬದಲಿಸಿದಂತೆಲ್ಲ ಕೆಲವು ಕಂಪನಗಳು ಬಲಗೊಂಡು ಕೆಲವು ಉಡುಗುತ್ತವೆ. ಸೆಕೆಂಡಿಗೆ ಮೂರು ಸಾವಿರದ ಆಸುಪಾಸಿನ ಕಂಪನಗಳಿಗೆ ನಮ್ಮ ಕಿವಿ ಬಹಳ ಚುರುಕು. ಆ ಪಟ್ಟಿಯಲ್ಲಿ ಬಲ ತುಂಬಲು ಕಲಿತವರು ವಾದ್ಯಮೇಳವನ್ನೂ ಸೀಳಿಕೊಂಡು ಕೇಳಿಸುತ್ತಾರೆ. ಯುರೋಪಿನ ಒಪೆರಾ ಗಾಯಕರ ಬಗ್ಗೆ ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಇದನ್ನು ಅಳೆದು ತೋರಿಸಿದರು. ನಮ್ಮ ಹಾಡುಗಾರ್ತಿಯರದು ಅದೇ ತಂತ್ರವೋ ಬೇರೆಯೋ ಹೇಳಲಾರೆ; ಅಗಲ ಬಾಯಿ, ಮೇಲಿನ ಶ್ರುತಿ, ಮುಂದಕ್ಕೆ ತಂದ ಸ್ವರ ಇವು ಹಲಗೆ, ತುಂತುಣಿ, ತಾಳಗಳನ್ನು ದಾಟಲು ಬಯಲೇ ಕಲಿಸಿದ ಪಾಠಗಳು. ಕಂಪನಿ ನಾಟಕದ ನಟರೂ ಕಾಲ್ಪೇಟಿಯ ಕಪ್ಪು ಪಟ್ಟಿಗಳ ಮೇಲೆ ನಿಂತು ಇದನ್ನೇ ಮಾಡಿದರು. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮನವರ ಶ್ರೀಕೃಷ್ಣ ಪಾರಿಜಾತ ಇಷ್ಟು ದೂರ ಹಬ್ಬಿದ್ದು ಮಾತಿನ ಚಾತುರ್ಯದಿಂದಷ್ಟೇ ಅಲ್ಲ.

ಮೈಕು ಈ ಪಾಠವನ್ನು ತಲೆಕೆಳಗು ಮಾಡಿತು. 1925ರ ಸುಮಾರಿಗೆ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ ಕೂಗಬೇಕಾದ ಅಗತ್ಯ ಉಳಿಯಲಿಲ್ಲ. ಅಮೆರಿಕದಲ್ಲಿ ಬಿಂಗ್ ಕ್ರಾಸ್ಬಿ, ನಮ್ಮಲ್ಲಿ ಸೈಗಲ್ ಕಿವಿಯ ಹತ್ತಿರ ಬಂದು ಹೇಳಿದಂತೆ ಹಾಡಿದರು. ಗಂಟಲಿನ ಶಕ್ತಿ ಹೋಗಿ ಗಂಟಲಿನ ಗುಣ ಮುಖ್ಯವಾಯಿತು. ಮುಕೇಶ್, ಕಿಶೋರ್ ಇಬ್ಬರೂ ಸೈಗಲ್ ಅವರ ನಕಲಾಗಿಯೇ ಆರಂಭಿಸಿದವರು. ನಕಲು ಬಿಡು, ನಿನ್ನಂತೆ ಹಾಡು ಎಂದು ಕಿಶೋರರಿಗೆ ಹೇಳಿದ್ದು ಸಚಿನ್ ದೇವ್ ಬರ್ಮನ್. ಕನ್ನಡದಲ್ಲಿ ಡಾ. ರಾಜಕುಮಾರ್ ಅವರಿಗೆ ಎರಡು ದಶಕಗಳ ಕಾಲ ಪಿ.ಬಿ. ಶ್ರೀನಿವಾಸರೇ ದನಿ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಅವರು ತಾವೇ ಹಾಡಿದಾಗ ಕೇಳಿಸಿದ್ದು ಹೊಸ ದನಿಯಲ್ಲ. ಗುಬ್ಬಿ ಕಂಪನಿಯ ಕಾಲದ ಹಳೆಯ ರಂಗದನಿ. ಬಯಲಿಗಾಗಿ ತಯಾರಾದ ಗಂಟಲು ಮೈಕಿನ ಮುಂದೆ ಬಂದು ನಿಂತಿತ್ತು. ಸಿ. ಅಶ್ವತ್ಥರ ಶಿಶುನಾಳ ಶರೀಫರ ಹಾಡುಗಳ ಬಲವೂ ಇಂಥದೇ. ಮೈಕಿಗೆ ಇಷ್ಟೊಂದು ಬೇಕಿಲ್ಲವಲ್ಲ ಎನಿಸುವಷ್ಟು ಅವರು ಹಾಡಿಬಿಡುತ್ತಿದ್ದರು.

ಈಗ ನಮ್ಮ ಹುಡುಗನ ಸ್ಟುಡಿಯೋಕ್ಕೆ ಬರೋಣ. ಹತ್ತು ಅಡಿ ಅಗಲದ ಕೋಣೆ. ಗೋಡೆಗೆ ಸ್ಪಂಜು. ಒಂದು ಕಂಪ್ಯೂಟರು, ಒಂದು ಕೀಬೋರ್ಡು, ಒಂದು ಮೈಕು. ಅವನ ಜೊತೆ ನಾನೂ ಹೋಗಿ ಒಂದು ಮಧ್ಯಾಹ್ನ ಕುಳಿತಿದ್ದೆ. ಇಂಥ ಕೋಣೆಗಳು ಈಗ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇವೆ. ಹಿಂದೆ ಹಾಡು ಮುದ್ರಿಸಲು ಮುಂಬೈಗೋ ಮದ್ರಾಸಿಗೋ ಹೋಗಬೇಕಿತ್ತು. ಈಗ ಬೆಳಗ್ಗೆ ಕಬ್ಬಿಗೆ ನೀರು ಹಾಯಿಸಿ ಬಂದವನು ಸಂಜೆಗೆ ಹಾಡು ಮುಗಿಸಿ ಯೂಟ್ಯೂಬಿಗೆ ಏರಿಸುತ್ತಾನೆ. ಇದು ಸಣ್ಣ ಬದಲಾವಣೆಯಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಮಾರುಕಟ್ಟೆಯ ಹೆಬ್ಬಾಗಿಲಿನ ಬೀಗ ಕಳಚಿದೆ.

ಒಳಗೆ ಹೋದವರಿಗೆ ಎದುರಾಗುವುದು ಆಟೋಟ್ಯೂನ್. ಭೂಗರ್ಭದಲ್ಲಿ ತೈಲ ಹುಡುಕಲು ಕಂಪನಗಳ ಲೆಕ್ಕ ಹಾಕುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕನ್ ಅದೇ ಗಣಿತವನ್ನು ಗಂಟಲಿಗೆ ಹೂಡಿ 1997ರಲ್ಲಿ ಹೊರತಂದ ಸಾಧನ ಅದು. ತಪ್ಪಿದ ಸ್ವರವನ್ನು ಸರಿಯಾದ ಜಾಗಕ್ಕೆ ಎಳೆದು ಕೂರಿಸುತ್ತದೆ. ಮೆಲ್ಲಗೆ ಎಳೆದರೆ ಗೊತ್ತಾಗದು. ಥಟ್ಟನೆ ಎಳೆದರೆ ದನಿ ಯಂತ್ರದಂತೆ ತುಂಡುತುಂಡಾಗುತ್ತದೆ. ಮರುವರ್ಷ ಶೇರ್ ಎಂಬ ಗಾಯಕಿ ಈ ಕೊರತೆಯನ್ನೇ ಅಲಂಕಾರವನ್ನಾಗಿ ಮಾಡಿಕೊಂಡು ಜಗತ್ತನ್ನು ಗೆದ್ದಳು. ಇಂದು ಗಡಿಸೀಮೆಯ ಡಿಜೆ ಹಾಡುಗಳಲ್ಲಿ ಅದು ಪಲ್ಯಕ್ಕೆ ಖಾರವಿದ್ದಂತೆ. ಸ್ವರ ತಪ್ಪಲಿ ಬಿಡಲಿ, ಹಾಕಲೇಬೇಕು.

ನನ್ನ ವಯಸ್ಸಿನ ಗೆಳೆಯರು ಇಷ್ಟಕ್ಕೇ ಈ ಹಾಡುಗಳನ್ನೆಲ್ಲ ಕಸವೆಂದು ಗುಡಿಸಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಸಾಹಿತ್ಯದಲ್ಲಿ ಹೆಣ್ಣುಮಕ್ಕಳನ್ನು ಹಗುರವಾಗಿ ಕಾಣುವ ಹಾಡುಗಳು ಬೇಕಾದಷ್ಟಿವೆ; ಅವನ್ನು ಸಮರ್ಥಿಸಲಾರೆ. ಆದರೆ ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ಎಂಬ ತರುಣ ‘ನಾ ಡ್ರೈವರಾ’ ಎಂದು ಹಾಡಿ, ಅದು ಕೋಟಿಗಟ್ಟಲೆ ಸಲ ನೋಡಲ್ಪಟ್ಟು, 2025ರಲ್ಲಿ ಅವರು ಬಿಗ್ ಬಾಸ್ ಮನೆಯವರೆಗೆ ಹೋದದ್ದನ್ನು ಬರಿಯ ಅದೃಷ್ಟವೆಂದು ತಳ್ಳಿಹಾಕುವುದು ಸೋಮಾರಿತನ. ನಾನು ಆ ಹಾಡನ್ನು ಹತ್ತಾರು ಸಲ ಕೇಳಿದ್ದೇನೆ. ಅಲ್ಲಿನ ವಾದ್ಯ, ತಾಳ ಎಲ್ಲರಲ್ಲೂ ಇರುವಂಥವೇ. ಬೇರೆಯಾಗಿರುವುದು ನುಡಿ. ‘ಡ್ರೈವರ್’ ಎಂಬ ಪೇಟೆಯ ಪದಕ್ಕೆ ನಮ್ಮ ಸೀಮೆಯವರು ಹಚ್ಚುವ ಆ ಕೊನೆಯ ‘ಆ’ಕಾರ ಇದೆಯಲ್ಲ, ಅದರ ಮೇಲೆ ಇಡೀ ರಾಗ ಕುಳಿತಿದೆ. ‘ಮನೆ’ಯನ್ನು ‘ಮನಿ’ ಎನ್ನುವ, ಮಾತಿನ ಕೊನೆಯನ್ನು ಎತ್ತಿ ಎಳೆಯುವ ಬಾಯಿಗೆ ತನ್ನದೇ ಆದ ಆಕಾರವಿದೆ. ಕೊಳವೆಯ ಆಕಾರವೇ ದನಿಯ ಬಣ್ಣ ಎಂದು ಮೇಲೆ ಹೇಳಿದೆನಷ್ಟೆ. ಬೆಂಗಳೂರಿನ ಸಿನಿಮಾ ಕನ್ನಡದಲ್ಲಿ ಹಾಡಲು ಹೊರಟ ನಮ್ಮ ಹುಡುಗರು ಮೊದಲು ಕಳೆದುಕೊಳ್ಳುವುದು ಆ ಬಾಯಿಯನ್ನು. 2019ರಲ್ಲಿ ಕಿರುತೆರೆಯ ಸಂಗೀತ ಸ್ಪರ್ಧೆಯಲ್ಲಿ ಸವಣೂರು ತಾಲ್ಲೂಕಿನ ಕುರಿಗಾಹಿ ಹನುಮಂತ ಎರಡನೆಯ ಸ್ಥಾನಕ್ಕೆ ಬಂದಾಗಲೂ ಜನ ಮೆಚ್ಚಿದ್ದು ಆ ಬಾಯನ್ನೇ ಎಂದು ನನ್ನ ಊಹೆ.

ಇಲ್ಲಿಯೇ ಸ್ಟುಡಿಯೋದವರ ಸಲಹೆಯ ಎಡವಟ್ಟೂ ಇರುವುದು. ಗೆದ್ದ ದನಿಯನ್ನು ಅನುಕರಿಸು ಎನ್ನುವುದು ಅವರಿಗೆ ಲಾಭದ ಮಾತೇ. ಹಾಡು ಓಡಲಿ, ಓಡದಿರಲಿ, ಕೋಣೆಯ ಬಾಡಿಗೆ ಅವರಿಗೆ ಬರುತ್ತದೆ. ನಷ್ಟ ಹಾಡುವವನದು. ರೋಸೆನ್ ಹೇಳಿದ ಮಾರುಕಟ್ಟೆಯಲ್ಲಿ ಎರಡನೆಯ ಮಾಳುವಿಗೆ ಜಾಗವಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಗಂಟಲಿನದು. ನಮ್ಮ ಹುಡುಗ ಆ ಗಾಯಕನ ಶ್ರುತಿಗೆ ಏರಲು ಆರು ತಿಂಗಳಿಂದ ದನಿಯನ್ನು ಹಿಂಡುತ್ತಿದ್ದ. ಮದುವೆ ಹಂಗಾಮಿನಲ್ಲಿ ಡಿಜೆ ಪೆಟ್ಟಿಗೆಗಳ ಮುಂದೆ ನಿಂತು ರಾತ್ರಿ ಮೂರು ತಾಸು ಹಾಡುವಾಗ ತನ್ನ ದನಿ ತನಗೇ ಕೇಳಿಸದು. ಕೇಳಿಸದವನು ಕಿರುಚುತ್ತಾನೆ. ಬೆಳಗ್ಗೆ ಎದ್ದರೆ ದನಿ ಹೊರಡುತ್ತಿರಲಿಲ್ಲ. ಮೇಲೆ ಗುಟ್ಕಾ. ನಿಪ್ಪಾಣಿಯ ತಂಬಾಕು ಬೆಳೆದು ಈ ನಾಡು ಉಂಡಿದೆ, 1981ರಲ್ಲಿ ಅದರ ಬೆಲೆಗಾಗಿ ರೈತರು ಹೆದ್ದಾರಿಯಲ್ಲಿ ಕುಳಿತು ಗುಂಡೇಟು ತಿಂದಿದ್ದಾರೆ. ಆದರೆ ಹಾಡುವ ಗಂಟಲಿಗೆ ಅದು ವೈರಿ. ನಾನು ಹಟ ಹಿಡಿದು ಅವನನ್ನು ಬೆಳಗಾವಿಯ ಗಂಟಲು ತಜ್ಞರ ಬಳಿಗೆ ಕರೆದೊಯ್ದೆ. ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಮುತ್ತಿನ ಬಣ್ಣದ ಎರಡು ಪುಟ್ಟ ಮಡಿಕೆಗಳು. ಎರಡರ ಅಂಚಿನಲ್ಲೂ ಎದುರುಬದುರಾಗಿ ಸಾಸಿವೆಯಷ್ಟು ಗಂಟು. ಉಜ್ಜಿ ಉಜ್ಜಿ ಅಂಗೈಯಲ್ಲಿ ಏಳುವ ದಡ್ಡು ಇದ್ದಂತೆ ಎಂದರು ವೈದ್ಯರು. ಈ ಹಂತದಲ್ಲಿ ಶಸ್ತ್ರಚಿಕಿತ್ಸೆ ಬೇಡ, ದನಿಗೆ ವಿಶ್ರಾಂತಿ ಬೇಕು, ಆಮೇಲೆ ಹಾಡುವ ರೀತಿಯನ್ನು ತಿದ್ದಿಕೊಳ್ಳಬೇಕು ಎಂದರು. ಹುಡುಗ ಪರದೆಯನ್ನೇ ನೋಡುತ್ತ ಕುಳಿತಿದ್ದ. ಅಷ್ಟು ದಿನ ತನ್ನದೆಂದು ಹುಡುಕುತ್ತಿದ್ದ ದನಿಯನ್ನು ಅವನು ಕಣ್ಣಾರೆ ಕಂಡದ್ದು ಅದೇ ಮೊದಲು.

ತಂಗಿಗೆ ನಾನು ಕೊಟ್ಟ ತೀರ್ಪು ಅವಳಿಗೆ ಪೂರ್ತಿ ಹಿಡಿಸಿಲ್ಲ. ಕಾಟಾದ ಕೆಲಸ ಬಿಡಬೇಡ ಎಂದು ಅವನಿಗೆ ಹೇಳಿದೆ. ಬುದ್ಧಿಮಾತೆಂದು ಹೇಳಿದ್ದಲ್ಲ. ಆರು ತಿಂಗಳ ಪಗಾರ ಕೈಯಲ್ಲಿದ್ದರೆ ಸ್ಟುಡಿಯೋದವನಿಗೆ ‘ಇಲ್ಲ’ ಎನ್ನುವ ಧೈರ್ಯ ಬರುತ್ತದೆ ಎಂಬ ಲೆಕ್ಕ ಅದು. ಹಾಡು ಬಿಡು ಎಂದು ಮಾತ್ರ ಹೇಳಲಿಲ್ಲ. ಅವಳು ಕಾದಿದ್ದು ಆ ಮಾತಿಗೆ.

ಎರಡು ತಿಂಗಳು ಅವನು ಹಾಡಲಿಲ್ಲ. ಗುಟ್ಕಾ ಬಿಟ್ಟಿದ್ದೇನೆ ಎನ್ನುತ್ತಾನೆ, ತಂಗಿಗೆ ಸಂಶಯವಿದೆ. ಆ ಮೌನದಲ್ಲಿ ನಮ್ಮೂರಿನ ಭಜನೆಯ ಹಿರಿಯರ ಜೊತೆ ಕುಳಿತು ತಾಳ ಹಾಕುತ್ತಿದ್ದನಂತೆ. ಕಳೆದ ವಾರ ಫೋನಿನಲ್ಲಿ ಒಂದು ಮುದ್ರಿಕೆ ಕಳಿಸಿದ್ದಾನೆ. ವಾದ್ಯವಿಲ್ಲ, ಆಟೋಟ್ಯೂನ್ ಇಲ್ಲ. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು. ಮೊದಲಿಗಿಂತ ಎರಡು ಪಟ್ಟಿ ಕೆಳಗಿನ ಶ್ರುತಿ. ಒಂದೆರಡು ಕಡೆ ದನಿ ಬಿರಿಯುತ್ತದೆ. ಅಲ್ಲಿ ಅವನು ಎಳೆಯದೆ ನಿಲ್ಲಿಸಿ, ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಾನೆ. ‘ಹ್ಯಾಂಗೈತ್ರಿ ಮಾಮಾ’ ಎಂದು ಕೇಳಿದ್ದಾನೆ. ಮೂರು ಸಲ ಕೇಳಿದ್ದೇನೆ. ಇನ್ನೂ ಉತ್ತರ ಬರೆದಿಲ್ಲ.